ನಾನು ಹಿಡಿಯದ ರೋಜಾ

ಡಾಕ್ಟ್ರಮ್ಮ ಚೀಟಿಯಿಂದ ತಲೆ ಎತ್ತದೆಯೇ "ಈ ಸಲ ರಂಜಾನ್ ಉಪವಾಸ ಬೇಡ" ಅಂದಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹನ್ನೆರಡು ವರ್ಷಕ್ಕೆ ರೋಜಾ ಹಿಡಿಯಲು ಶುರು ಮಾಡಿದವನು ನಾನು. ಈಗ ಐವತ್ತೊಂಬತ್ತು. ನಡುವೆ ಟೈಫಾಯ್ಡ್ ಬಂದು ಮಲಗಿದ ಒಂದು ವರ್ಷ ಬಿಟ್ಟರೆ ಒಂದು ದಿನವೂ ತಪ್ಪಿಸಿದವನಲ್ಲ. ಉರಿಬಿಸಿಲಿನಲ್ಲಿ ಬಾವಿಗಿಳಿದು ಕೆಲಸ ಮಾಡಿದ ದಿನಗಳಲ್ಲೂ ಒಂದು ಹನಿ ನೀರು ಮುಟ್ಟಿದವನಲ್ಲ. ಅಂಥವನಿಗೆ ನನ್ನ ಮಗಳ ವಯಸ್ಸಿನ ಹುಡುಗಿ, ಕುತ್ತಿಗೆಗೆ ಸ್ಟೆತಸ್ಕೋಪ್ ನೇತುಹಾಕಿಕೊಂಡು, ಬೇಡ ಅಂದರೆ?

"ರಾತ್ರಿ ತಿಂತೀನಲ್ಲಮ್ಮ. ಬೆಳಗಿನ ಜಾವನೂ ತಿಂತೀನಿ. ಒಟ್ಟು ಎಲ್ಲಾ ಒಂದೇ ತಾನೆ?" ಅಂದೆ.

"ಶುಗರ್ ನಿಮ್ಮ ವಾದ ಕೇಳಲ್ಲ" ಅಂದರು. "ಬೆಳಿಗ್ಗೆ ಒಂದು ಮಾತ್ರೆ, ಮಧ್ಯಾಹ್ನ ಒಂದು ಮಾತ್ರೆ. ನುಂಗಿ ಅರ್ಧ ಗಂಟೆಯೊಳಗೆ ಊಟ ಮಾಡಲೇಬೇಕು. ನಮ್ಮತ್ತೆನೂ ಏಕಾದಶಿ ದಿನ ಹೀಗೇ ವಾದ ಮಾಡ್ತಾರೆ. ಅವರಿಗೂ ಬೈದಿದೀನಿ, ನಿಮಗೂ ಬೈತಿದೀನಿ. ಏಳಿ, ಹೊರಗೆ ಜನ ಕಾಯ್ತಿದಾರೆ."

ಅಲ್ಲಿಂದ ಸೀದಾ ಮಸೀದಿಗೆ ಹೋದೆ. ನಮಾಜು ನಡೆಸುವ ಹಜ್ರತ್ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಆದರೂ ಅವರ ಮಾತಿಗೆ ತೂಕ ಇದೆ. ಡಾಕ್ಟ್ರಮ್ಮನ ಮೇಲೆ ದೂರು ಹೇಳಿದರೆ ನನ್ನ ಪರ ನಿಲ್ಲುತ್ತಾರೆ ಅಂತ ಆಸೆ. ಅವರು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಕಾಯಿಲೆಯವರಿಗೆ ಅಲ್ಲಾಹನೇ ರಿಯಾಯಿತಿ ಕೊಟ್ಟಿದಾನೆ ಚಾಚಾ. ಕೊಟ್ಟಿದ್ದನ್ನ ಬೇಡ ಅನ್ನೋದು ಭಕ್ತಿ ಅಲ್ಲ, ಹಠ" ಅಂದರು. ತಪ್ಪಿದ ಒಂದೊಂದು ದಿನಕ್ಕೂ ಹಸಿದವರೊಬ್ಬರಿಗೆ ಊಟ ಹಾಕಿಸಿ ಅಂತಲೂ ಹೇಳಿದರು. ನನ್ನ ಹೆಂಡತಿಗೆ ಇದು ಗೊತ್ತಾಗಿದ್ದೇ ತಡ, ಬಸ್ ಸ್ಟ್ಯಾಂಡಿನಲ್ಲಿ ಮಲಗುವ ಒಬ್ಬ ಮುದುಕರಿಗೆ ದಿನಾ ಊಟ ಕಳಿಸುವ ಏರ್ಪಾಡು ಮಾಡಿಬಿಟ್ಟಳು. ಆಸ್ಪತ್ರೆ, ಮಸೀದಿ, ಮನೆ, ಮೂರೂ ಕಡೆ ನನ್ನ ವಿರುದ್ಧವೇ ತೀರ್ಪು ಬಂತು.

ಕೆ.ಆರ್. ನಗರದಲ್ಲಿ ನನ್ನದೊಂದು ಮೋಟ್ರು ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟ್ರುಗಳ ಹಳೇ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹಾಕಿ ಒಣಗಿಸಿ ಕೊಡುವುದು ಕೆಲಸ. ಈಚೆಗೆ ರಂಜಾನ್ ಬೇಸಿಗೆ ಶುರುವಾಗುವ ಹೊತ್ತಿಗೇ ಬರುತ್ತಿದೆ. ಸುತ್ತಲ ಹಳ್ಳಿಗಳ ಮೋಟ್ರುಗಳು ಒಂದರ ಹಿಂದೊಂದು ಸುಡುವುದೂ ಆವಾಗಲೇ. ಅಂಗಡಿ ತುಂಬಾ ರೈತರು ಇರುತ್ತಾರೆ, ಕೂರಲು ಜಾಗ ಇರುವುದಿಲ್ಲ.

ಪಕ್ಕದ್ದು ಟೀ ಅಂಗಡಿ. ಅದರ ಯಜಮಾನನೂ ನಾನೂ ಮೂವತ್ತು ವರ್ಷದಿಂದ ಒಂದೇ ಗೋಡೆಯ ಎರಡು ಮಗ್ಗುಲಲ್ಲಿ ಇರುವವರು. ಅವನು ಅಯ್ಯಪ್ಪನ ಮಾಲೆ ಹಾಕಿದರೆ, ಇಳಿಸುವವರೆಗೂ ನನ್ನ ಊಟದ ಡಬ್ಬಿಯಲ್ಲಿ ಮಾಂಸ ಇರುವುದಿಲ್ಲ. ಅವನು ಕೇಳಿದ್ದಲ್ಲ, ನಾನು ಹೇಳಿಕೊಂಡದ್ದೂ ಅಲ್ಲ. ರಂಜಾನ್ ಚಂದ್ರ ಕಂಡರೆ ಅವನು ಬೋಂಡ ಕರೆಯುವ ಒಲೆಯನ್ನು ಆಚೆ ಮೂಲೆಗೆ ಸಾಗಿಸುತ್ತಾನೆ, ವಾಸನೆ ನನ್ನ ಕಡೆ ಬರಬಾರದು ಅಂತ. ಯಾರಾದರೂ ರೈತ ಟೀ ಲೋಟ ಹಿಡಿದು ನನ್ನ ಅಂಗಡಿಗೆ ಕಾಲಿಟ್ಟರೆ, "ಲೇ, ಭಾಯಿ ಉಪಾಸ ಅವ್ರೆ ಕಣ್ಲಾ, ಈ ಕಡೆ ಬಂದು ಕುಡಿ" ಅಂತ ರಟ್ಟೆ ಹಿಡಿದು ಎಳೆದುಕೊಂಡು ಹೋಗುತ್ತಾನೆ.

ಅವನಿಗೆ ಹೇಳಬೇಕಿತ್ತು. ಈ ಸಲ ನಾನು ಉಪವಾಸ ಇಲ್ಲ ಕಣಪ್ಪ, ಅಷ್ಟೇ ಮಾತು. ಬಾಯೇ ಬರಲಿಲ್ಲ. ನಾಚಿಕೆ ಅಂದರೆ ನಾಚಿಕೆ. ಇಡೀ ಪೇಟೆ "ರೋಜಾ ಅಂದ್ರೆ ನಮ್ಮ ಮೋಟ್ರು ಸಾಬ್ರದು" ಅಂತ ಹೊಗಳಿ ಹೊಗಳಿ ನನ್ನನ್ನು ಅಟ್ಟಕ್ಕೇರಿಸಿತ್ತು, ನನಗೆ ಅಲ್ಲಿಂದ ಇಳಿಯಲು ಮನಸ್ಸಾಗಲಿಲ್ಲ. ಮಧ್ಯಾಹ್ನವಾದರೆ ಅಂಗಡಿ ಹಿಂದಿನ ಕತ್ತಲೆ ಕೋಣೆಗೆ ನುಗ್ಗಿ, ವಾರ್ನಿಷ್ ಡಬ್ಬಗಳ ನಡುವೆ ಕುಕ್ಕರಗಾಲಲ್ಲಿ ಕುಂತು ಎರಡು ಚಪಾತಿ ತಿನ್ನುತ್ತಿದ್ದೆ. ಸದ್ದು ಕೇಳಿಸಬಾರದು ಅಂತ ಸರಿಯಾಗಿ ಅಗಿಯುತ್ತಲೂ ಇರಲಿಲ್ಲ. ಕಳ್ಳ ಬೆಕ್ಕಿನ ಬಾಳು! ಬಾಯಿ ಒರೆಸಿಕೊಂಡು ಹೊರಗೆ ಬಂದರೆ ಟೀ ಅಂಗಡಿಯವನು "ಪಾಪ, ಸುಸ್ತಾಗ್ಯದೆ ನೋಡಿ ನಿಮ್ಗೆ, ಒಸಿ ಒತ್ತು ಒರಗ್ಕಳಿ ಭಾಯಿ" ಅನ್ನುತ್ತಿದ್ದ. ಕೇಳಿ ನನಗೆ ಮೈಯೆಲ್ಲಾ ಉರಿಯುತ್ತಿತ್ತು. ಅವನ ಮೇಲಲ್ಲ, ನನ್ನ ಮೇಲೇ.

ಹೀಗೇ ಹತ್ತು ಹನ್ನೆರಡು ದಿನ ಕಳೆಯಿತು. ಒಂದು ಬೆಳಿಗ್ಗೆ ಹೊಸ ಅಗ್ರಹಾರದ ಆಚೆಯ ಹಳ್ಳಿಯೊಂದರಿಂದ ರೈತರೊಬ್ಬರು ಫೋನು ಮಾಡಿದರು. ನಾನು ವೈಂಡಿಂಗ್ ಮಾಡಿಕೊಟ್ಟ ಮೋಟ್ರನ್ನು ಬಾವಿಯ ಹತ್ತಿರ ಕೂರಿಸಿ ಆಗಿದೆ, ಬಂದು ಸ್ಟಾರ್ಟರಿಗೆ ವೈರು ಕೊಟ್ಟು ನೀರೆತ್ತಿಸಿ ಕೊಡಿ ಅಂದರು. ಒಂದು ಗಂಟೆಯ ಕೆಲಸ, ಊಟದ ಹೊತ್ತಿಗೆ ವಾಪಸ್ ಬರಬಹುದು ಅಂತ ಡಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟು ಮೊಪೆಡ್ ಹತ್ತಿದೆ. ಮಾತ್ರೆ ಜೇಬಿನಲ್ಲಿತ್ತು.

ಮನೆ ಹೊಲದಲ್ಲೇ ಇತ್ತು. ರೈತ, ಅವರ ಹೆಂಡತಿ, ಎಪ್ಪತ್ತು ದಾಟಿದ ತಾಯಿ. ಕಬ್ಬಿನ ಗದ್ದೆಯಲ್ಲಿ ಕಳೆ ತೆಗೆಯಲು ಬಂದಿದ್ದ ಮೂರು ಜನ ಕೂಲಿಯವರು. ನಾನು ವೈರು ಕೊಟ್ಟು ಮುಗಿಸುವಾಗ ಹನ್ನೆರಡೂವರೆ. ಸ್ವಿಚ್ಚು ಹಾಕಿ ನೋಡಿ ಹೊರಡುವುದಷ್ಟೇ ಬಾಕಿ ಅಂತ, ಬಾವಿ ಕಟ್ಟೆಯ ಮರೆಯಲ್ಲಿ ಮಾತ್ರೆ ನುಂಗಿಬಿಟ್ಟೆ. ಆಗ ಹೋಯಿತು ನೋಡಿ ತ್ರೀ ಫೇಸ್ ಕರೆಂಟು!

"ಈಗ ಬತ್ತದೆ ಸಾಬ್ರೆ, ಒಂದು ಚಣ ಕುಂತ್ಕಳಿ" ಅಂದರು ರೈತ.

ಒಂದು ಗಂಟೆಯಾಯಿತು. ಒಂದೂವರೆಯಾಯಿತು. ಒಳಗೆ ಬಸ್ಸಾರಿಗೆ ಒಗ್ಗರಣೆ ಬಿದ್ದ ವಾಸನೆ ಬಂತು, ನನ್ನ ಹೊಟ್ಟೆ ತಾಳ ಹಾಕತೊಡಗಿತು. ಅಷ್ಟರಲ್ಲಿ ರೈತನ ಹೆಂಡತಿಗೆ ನನ್ನ ರೋಜಾ ನೆನಪಾಗಿ, ಅಯ್ಯೋ ಅಂತ ನಾಲಗೆ ಕಚ್ಚಿಕೊಂಡು ಅಡುಗೆಮನೆ ಕಿಟಕಿ ಹಾಕಿದರು. ಊಟಕ್ಕೆ ಬಂದ ಕೂಲಿಯವರನ್ನು ರೈತನ ಅವ್ವ ಹುಲ್ಲಿನ ಮೆದೆಯ ಹಿಂದಕ್ಕೆ ಅಟ್ಟಿದರು. "ಸಾಬ್ರ ಕಣ್ಣೆದುರ್ಗೆ ಉಣ್ಬ್ಯಾಡ್ರಲಾ, ಅತ್ಲಾಗೋಗಿ ಉಣ್ರಿ." ರೈತ ತಾನೂ ಉಣ್ಣದೆ ನನ್ನ ಜೊತೆ ಕುಂತರು. ಏನು ಮರ್ಯಾದೆ, ಏನು ಮರ್ಯಾದೆ! ಮರ್ಯಾದೆ ಗೊತ್ತಿಲ್ಲದವರು ಯಾರಾದರೂ ಬಂದು ಒಂದು ಬಾಳೆಹಣ್ಣು ಮುಂದೆ ಹಿಡಿದಿದ್ದರೆ ಕಿತ್ತುಕೊಂಡು ತಿನ್ನುತ್ತಿದ್ದೆ. ಬಾಯಿಬಿಟ್ಟು ಕೇಳಬಹುದಿತ್ತು. ಕೇಳಲಿಲ್ಲ.

ಕರೆಂಟು ಬಂದಾಗ ಎರಡು ಗಂಟೆ. ಸ್ವಿಚ್ಚು ಹಾಕಿದರೆ ಮೋಟ್ರು ಉಲ್ಟಾ ತಿರುಗಿತು. ಅದೇನೂ ದೊಡ್ಡ ವಿಷಯವಲ್ಲ, ಎರಡು ವೈರು ಅದಲು ಬದಲು ಮಾಡಿದರೆ ಸರಿಹೋಗುತ್ತದೆ. ಮೇನ್ ಆಫ್ ಮಾಡಿ ಸ್ಕ್ರೂಡ್ರೈವರ್ ಹಿಡಿದೆ. ಸ್ಕ್ರೂ ಎರಡೆರಡಾಗಿ ಕಾಣಿಸಿತು. ಕೈ ಗಡಗಡ ನಡುಗಿತು. ಅಂಗಿ ತೊಯ್ದು ಬೆನ್ನಿಗೆ ಅಂಟಿತು. ಯಾ ಅಲ್ಲಾ ಅಂದಿದ್ದು ನೆನಪಿದೆ, ಆಮೇಲೆ ನೆಲದ ಮೇಲಿದ್ದೆ.

ಪೂರ್ತಿ ಎಚ್ಚರ ತಪ್ಪಿರಲಿಲ್ಲ. ಎಲ್ಲ ಕೇಳಿಸುತ್ತಿತ್ತು, ನಾಲಗೆ ಮಾತ್ರ ಹೊರಳುತ್ತಿರಲಿಲ್ಲ. ಎಲ್ಲರೂ ಓಡಿ ಬಂದರು.

"ನೀರು ಕುಡ್ಸ್ರಲಾ!" ಅಂತ ಒಬ್ಬ.

"ಏ, ಬ್ಯಾಡ ಕಣ್ಲಾ, ರೋಜಾ ಮುರ್ದೋಯ್ತದೆ! ತಲೆ ಮ್ಯಾಕೆ ಉಯ್ಯಿ. ಬಾಯೊಳಕ್ಕೆ ಬೀಳ್ದಂಗೆ ನೋಡ್ಕ" ಅಂತ ಇನ್ನೊಬ್ಬ.

ಬಿಂದಿಗೆ ಬಿಂದಿಗೆ ನೀರು ನನ್ನ ತಲೆಯ ಮೇಲೆ ಬಿತ್ತು. ಮೂರನೆಯವನು ಒಂದು ಹನಿಯೂ ಒಳಗೆ ಹೋಗದಂತೆ ನನ್ನ ತುಟಿಯ ಮೇಲೆ ತನ್ನ ಅಂಗೈ ಅಡ್ಡ ಹಿಡಿದಿದ್ದ. ರೈತ ಟವೆಲಿನಿಂದ ಗಾಳಿ ಹಾಕುತ್ತಿದ್ದರು. ನಾನು ಸಾಯುತ್ತಿದ್ದೆ, ಇವರು ನನ್ನ ಉಪವಾಸ ಕಾಯುತ್ತಿದ್ದರು. ಅಷ್ಟು ಕಷ್ಟದಲ್ಲೂ ನನಗೆ ಅಳು ಬಂದಿದ್ದು ಆ ಅಂಗೈಯನ್ನು ನೋಡಿ.

ಅವ್ವ ಜನರನ್ನು ಸರಿಸಿಕೊಂಡು ಬಂದು ನನ್ನ ಕುತ್ತಿಗೆ ಮುಟ್ಟಿ ನೋಡಿದರು. "ಬೆವ್ರು ನೋಡ್ರಲಾ, ಎಂಗೆ ತಣ್ಣಗದೆ. ಇದು ಬಿಸ್ಲಲ್ಲ ಕಣ್ರಲಾ, ಸಕ್ರೆ ಕಾಯ್ಲೆ. ನಂಗೂ ಇಂಗೇ ಆಯ್ತದೆ" ಅಂದವರೇ ಸೊಂಟದ ಎಲೆಯಡಿಕೆ ಚೀಲದಿಂದ ಒಂದು ಚೂರು ಬೆಲ್ಲ ತೆಗೆದರು.

"ಬ್ಯಾಡ ಕಣವ್ವ, ಪಾಪ ಸುತ್ಕತ್ತದೆ" ಅಂದರು ಮಗ.

"ಪಾಪ ಬಂದ್ರೆ ನಂಗ್ ಬರ್ಲಿ ಬುಡು, ಈವಯ್ಯ ಬದುಕ್ಲಿ" ಅಂತ ಆ ಅಂಗೈಯನ್ನು ತಳ್ಳಿ ಬೆಲ್ಲವನ್ನು ನನ್ನ ಕೆನ್ನೆಯೊಳಗೆ ಒತ್ತಿದರು. ಅದು ಕರಗಿತು. ಇನ್ನೊಂದು ಚೂರು ಇಟ್ಟರು. ಕಾಲು ಗಂಟೆಯಲ್ಲಿ ನಾನು ಎದ್ದು ಕುಂತೆ, ನೀರು ಕುಡಿದೆ, ಅವರು ಕೊಟ್ಟ ಬಾಳೆಹಣ್ಣನ್ನೂ ತಿಂದೆ.

ಆಗ ಅವ್ವ ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣು ತುಂಬಿತ್ತು. "ತಪ್ಪಾಯ್ತು ಸಾಬ್ರೆ. ಇಷ್ಟ್ ದಿನ ಕಷ್ಟಪಟ್ಟು ಇಡ್ಕಂಡ್ ಬಂದಿದ್ರಿ, ನಾನು ಕೆಡಿಸ್ಬುಟ್ಟೆ."

ಹೇಳಬೇಕಾಗಿದ್ದು ಅವಾಗ. ಸುತ್ತ ಆರು ಜನ ನಿಂತಿದ್ದರು, ಆರೂ ಜನರ ಕಣ್ಣಲ್ಲಿ ನಾನು ಉಪವಾಸದಿಂದ ಬಿದ್ದ ದೊಡ್ಡ ಮನುಷ್ಯ. "ಇರಲಿ ಬಿಡಿ ಅವ್ವ" ಅಂದೆ. ಅವರನ್ನು ಕ್ಷಮಿಸುವವನ ಹಾಗೆ ಅಂದೆ! ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಐದನೇ ದಿನ ಆ ರೈತ ನನ್ನ ಅಂಗಡಿಗೆ ಬಂದರು. ಮೋಟ್ರಿನ ವಿಷಯ ಇರಬೇಕು ಅಂದುಕೊಂಡೆ. ಅವರು ಕೂರಲೂ ಇಲ್ಲ.

"ಸಾಬ್ರೆ, ನೀವೇ ಬಂದು ಒಂದ್ ಮಾತು ಏಳ್ಬೇಕು. ಅವ್ವ ನಿಮ್ಮ ರೋಜಾ ಮಾಡ್ತಾವ್ಳೆ."

"ಏನಂದ್ರಿ?"

"ಅವತ್ತಿಂದ ನಾಕು ದಿನ ಆಯ್ತು. ಒತ್ತಾರೆ ಒತ್ತುಟ್ಟೋಕ್ ಮುಂಚೆ ಒಂದ್ ತುತ್ತು ತಿನ್ನೋದು, ಆಮೇಲೆ ಸಂದೆ ಗಂಟ ಏನೂ ಇಲ್ಲ. ನೀರೂ ಮುಟ್ಟಕಿಲ್ಲ, ಮಾತ್ರೆನೂ ಮುಟ್ಟಕಿಲ್ಲ. ಅವ್ಳಿಗೂ ಶುಗರ್ರು. ಬೆಳಗ್ಗೆ ಕಣ್ಣು ಕತ್ಲೆ ಬಂದು ಗೋಡೆ ಇಡ್ಕಂಡು ನಿಂತಿದ್ಲು. ಬ್ಯಾಡ ಅಂದ್ರೆ, ಸಾಬ್ರುದ್ದು ನಾನು ಕೆಡಿಸಿದ್ದು, ಹಬ್ಬದ ಗಂಟ ನಾನೇ ತುಂಬ್ಕೊಡ್ಬೇಕು ಅಂತಾಳೆ."

ರೈತನ ಅಪ್ಪ ತಿಮ್ಮಪ್ಪನ ಬೆಟ್ಟವನ್ನು ಬರಿಗಾಲಲ್ಲಿ ಹತ್ತುತ್ತೇನೆ ಅಂತ ಹರಕೆ ಹೊತ್ತು, ತೀರಿಸುವ ಮುಂಚೆಯೇ ಸತ್ತುಹೋಗಿದ್ದರಂತೆ. ಹನ್ನೊಂದನೇ ದಿನ ಕಳೆದದ್ದೇ ಅವ್ವ ತಾನೇ ಹೋಗಿ ಹತ್ತಿ ಬಂದಿದ್ದರಂತೆ. ಅವರ ಪ್ರಕಾರ ಹರಕೆ ಹೊತ್ತವರು ನಡುವೆ ಬಿದ್ದರೆ ಮನೆಯವರು ಹೊರಬೇಕು. ನಮ್ಮಲ್ಲಿ ಒಬ್ಬರ ರೋಜಾ ಹೀಗೆ ಇನ್ನೊಬ್ಬರು ಹೊರುವ ಪದ್ಧತಿ ಇಲ್ಲ ಅಂತ ಆಕೆಗೆ ಯಾರು ಹೇಳಬೇಕು? ನನ್ನ ಉಪವಾಸವನ್ನು ಆಕೆ ತನ್ನ ಮನೆಯ ಹರಕೆ ಅಂತಲೇ ತಿಳಿದುಕೊಂಡಿದ್ದರು.

"ನಾನು ರೋಜಾ ಇರಲೇ ಇಲ್ಲ ಕಣ್ರೀ!" ಅಂತ ಕಿರುಚಿಯೇಬಿಟ್ಟೆ. "ನನಗೆ ಶುಗರ್ರು. ಡಾಕ್ಟ್ರು ಬೇಡ ಅಂದಿದಾರೆ. ದಿನಾ ಒಳಗೆ ಕುಂತು ಚಪಾತಿ ತಿಂತಿದೀನಿ!"

ಅಂಗಡಿಯಲ್ಲಿದ್ದ ರೈತರೆಲ್ಲ ನನ್ನ ಕಡೆ ತಿರುಗಿದರು. ಟೀ ಅಂಗಡಿಯವನು ಗೋಡೆಯಾಚೆಯಿಂದ ಇಣುಕಿದ, ಕೈಯಲ್ಲಿ ಜಾಲರಿ ಸೌಟು ಹಾಗೇ ಇತ್ತು. ಅವನ ಮುಖ ನೋಡುವ ಧೈರ್ಯವಾಗಲಿಲ್ಲ. ಅಂಗಡಿಯನ್ನು ತೆರೆದದ್ದು ತೆರೆದ ಹಾಗೇ ಬಿಟ್ಟು ಮೊಪೆಡ್ ಹತ್ತಿದೆ.

ಅವ್ವ ಜಗುಲಿಯ ಕಂಬಕ್ಕೆ ಒರಗಿ ಕುಂತಿದ್ದರು. ತುಟಿ ಒಣಗಿ ಬಿರಿದಿತ್ತು. ನನ್ನನ್ನು ಕಂಡು ಏಳಲು ಹೋದರು, ಆಗಲಿಲ್ಲ. ಊಟದ ಹೊತ್ತು, ಕೂಲಿಯವರೂ ಅಂಗಳದಲ್ಲೇ ಇದ್ದರು.

"ಅವ್ವ, ನಾನು ಅವತ್ತು ಉಪವಾಸ ಇರಲಿಲ್ಲ. ಈ ಸಲ ಒಂದು ದಿನವೂ ಇಲ್ಲ. ನೀವು ಏನೂ ಕೆಡಿಸಿಲ್ಲ. ಏಳಿ, ಊಟ ಮಾಡಿ, ಮಾತ್ರೆ ತಗೊಳಿ" ಅಂದೆ.

ಅವ್ವ ನನ್ನನ್ನೇ ನೋಡಿ ನಕ್ಕರು. "ಒಳ್ಳೇವ್ರು ಕಣಪ್ಪ ನೀವು. ಈ ಮುದ್ಕಿ ಉಣ್ಲಿ ಅಂತ ಇಷ್ಟ್ ದೊಡ್ಡ ಸುಳ್ಳು ಏಳ್ತಿದೀರಲ್ಲ."

ಹಣೆ ಚಚ್ಚಿಕೊಂಡೆ. ಮಾತ್ರೆ ತೋರಿಸಿದೆ, ಚೀಟಿ ತೋರಿಸಿದೆ. ಆಕೆಗೆ ಓದಲು ಬಾರದು. ಆಣೆ ಇಡುತ್ತೇನೆ ಅಂದರೆ "ಸುಮ್ಕಿರಿ, ನನ್ ದೆಸೆಯಿಂದ ಸುಳ್ಳಾಣೆ ಬ್ಯಾರೆ ಬ್ಯಾಡ" ಅಂದರು. ನಲವತ್ತು ವರ್ಷ ಸಂಪಾದಿಸಿದ ಒಳ್ಳೇ ಹೆಸರೇ ನನ್ನ ಎದುರು ಸಾಕ್ಷಿ ಹೇಳುತ್ತಿತ್ತು. ನಿಜವನ್ನು ನಂಬಿಸಲು ನನ್ನ ಹತ್ತಿರ ಒಂದೇ ದಾರಿ ಉಳಿದಿತ್ತು.

"ತಾಯಿ, ನನಗೊಂದು ತಟ್ಟೆ ಹಾಕಿ" ಅಂದೆ ಸೊಸೆಗೆ.

"ಬ್ಯಾಡ ಸಾಬ್ರೆ" ಅಂದರು ಆಕೆ, ಗಾಬರಿಯಲ್ಲಿ.

"ಹಾಕಿ ಅಂದ್ನಲ್ಲ!"

ಅಂಗಳದಲ್ಲಿ, ಬಿಸಿಲಲ್ಲಿ, ಎಲ್ಲರ ಎದುರು ಚಕ್ಕಳಮಕ್ಕಳ ಹಾಕಿ ಕುಂತೆ. ಮುದ್ದೆ ಬಂತು, ಸಾರು ಬಂತು. ಮಾತ್ರೆ ನುಂಗಿ ನೀರು ಕುಡಿದೆ. ಮುದ್ದೆ ಮುರಿದು ಸಾರಿಗೆ ಅದ್ದಿದೆ. ಕೈ ಬಾಯಿಯ ಹತ್ತಿರ ಬಂದು ನಿಂತುಬಿಟ್ಟಿತು. ರಂಜಾನಿನ ಹಾಡುಹಗಲು, ಜನರ ಮುಂದೆ ತುತ್ತು ಎತ್ತಿದ್ದು ಜೀವಮಾನದಲ್ಲಿ ಅದೇ ಮೊದಲು. ಅವಮಾನ ಅಂದುಕೊಂಡಿದ್ದೆ. ಆದರೆ ಅವ್ವನ ಬಿರಿದ ತುಟಿ ಕಣ್ಣೆದುರಿಗಿತ್ತು. ನುಂಗಿದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಎರಡನೇ ತುತ್ತು ಮುರಿದೆ, ಮೂರನೆಯದು ಮುರಿದೆ.

ಅವ್ವನ ನಗು ಹೋಯಿತು. "ಅಂಗಾದ್ರೆ ನಿಜನಾ?"

"ನಿಜ ಅವ್ವ."

"ಥೂ ನಿಮ್ಮ! ನಾಕು ದಿನ ನನ್ನ ಒಟ್ಟೆ ಉರ್ಸಿದ್ರಲ್ಲಾ! ಅವತ್ತೇ ಬಾಯ್ಬುಟ್ಟು ಏಳಕ್ಕೆ ಏನಾಗಿತ್ತು?"

"ನಾಚಿಕೆ ಆಯ್ತು ಅವ್ವ. ಇಷ್ಟು ವರ್ಷ ಹಿಡಿದವನು, ಈಗ ಕದ್ದು ತಿಂತಾವ್ನೆ ಅಂತಾರಲ್ಲ ಜನ."

ಅವ್ವ ಸೊಸೆಯ ಕಡೆ ನೋಡಿದರು, ಮಗನ ಕಡೆ ನೋಡಿದರು. ಮಗ ಅಷ್ಟರಲ್ಲಿ ಬಂದು ಬೈಕು ನಿಲ್ಲಿಸಿ ನಿಂತಿದ್ದರು.

"ನಾನೂ ಕದ್ದು ತಿಂತೀನಿ" ಅಂದರು ಅವ್ವ. "ಶನ್ವಾರ ಒಪ್ಪೊತ್ತು ಬುಟ್ಟು ಎರಡ್ ವರ್ಸ ಆಯ್ತು. ಡಾಕ್ಟ್ರು ಬ್ಯಾಡ ಅಂದ್ರು. ಎಲ್ಲಾ ಗದ್ದೆಗೋದ್ ಮ್ಯಾಲೆ ಬಾಗ್ಲಾಕ್ಕಂಡು ತಣ್ಣನ್ನ ಉಣ್ತೀನಿ. ಸಂದೆಗೆ ಇವ್ಳು, ಅತ್ತೆ ಪಾಪ ಬೆಳಗ್ಗಿಂದ ಉಂಡಿಲ್ಲ ಅಂತ ಬಿಸಿಬಿಸಿ ಮಾಡಿಕ್ತಾಳೆ. ಅದ್ನೂ ಉಣ್ತೀನಿ."

"ಅಯ್ಯೋ ಅತ್ತೆ!" ಅಂದರು ಸೊಸೆ. ಕೂಲಿಯವನೊಬ್ಬ ಕಿಸಕ್ಕಂದ.

"ನಗ್ಲಾ, ನಗು" ಅಂದರು ಅವ್ವ. ಆ ಗುಟ್ಟನ್ನು ಎಲ್ಲರೆದುರು ಅವರು ಯಾಕೆ ಬಿಚ್ಚಿಟ್ಟರು ಅಂತ ನನಗೆ ಗೊತ್ತಿತ್ತು. ನಾನೊಬ್ಬನೇ ತಲೆ ತಗ್ಗಿಸಿ ಕೂರಬಾರದು ಅಂತ.

"ನಿಮ್ಮದನ್ನೇ ಬಿಟ್ಟಿದೀರ, ಮತ್ತೆ ನನ್ನದು ಯಾಕವ್ವ ಹಿಡಿದ್ರಿ?" ಅಂದೆ.

"ನಂದು ಬುಟ್ರೆ ನನ್ ತಿಮ್ಮಪ್ಪ ಬೈತಾನೆ. ಬೈದ್ರೆ ಬೈಸ್ಕತ್ತೀನಿ, ನಮ್ಮೋನು ತಾನೆ. ಇನ್ನೊಬ್ರುದ್ದ ಕೆಡಿಸಿ ನಾನೆಂಗೆ ಉಣ್ಲಪ್ಪ?"

ನಾನು ಎದ್ದು ಕೈ ಹಿಡಿದು ಅವರನ್ನು ಜಗುಲಿಯಿಂದ ಇಳಿಸಿದೆ. ಸೊಸೆ ಇನ್ನೊಂದು ತಟ್ಟೆ ತಂದರು, ಮಗ ಮಾತ್ರೆ ತಂದರು. ಅವ್ವ ನನ್ನ ಪಕ್ಕದಲ್ಲೇ, ದಾರೀಲಿ ಹೋಗುವವರಿಗೆಲ್ಲ ಕಾಣುವ ಹಾಗೆ ಕುಂತು, ಮಾತ್ರೆ ನುಂಗಿ, ಒಂದು ಪೂರ್ತಿ ಮುದ್ದೆ ಉಂಡರು.